ಸತ್ತ ಅಕ್ಕನ ಭಾನುವಾರಗಳು

ಜುಲೈ 9

ಅಕ್ಕಾ,

ಬಂದು ಸೇರಿದ್ದೇನೆ. ಅಮ್ಮನಿಗೆ ಓದಿ ಹೇಳುವಾಗ ಚೆನ್ನಾಗಿದ್ದಾಳೆ, ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೆ ಎಂದಷ್ಟೇ ಹೇಳು. ಮಿಕ್ಕಿದ್ದು ನಿನಗೆ.

ಈ ಹಾಸ್ಟೆಲಿನಲ್ಲಿ ಒಂದು ಉದ್ದನೆಯ ಕಾರಿಡಾರ್, ಎರಡೂ ಕಡೆ ಕೋಣೆಗಳು, ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ನನ್ನ ಕೋಣೆ ಮಧ್ಯದ್ದು. ಎಡಗೋಡೆಯ ಆಚೆ ನಗು, ಬಲಗೋಡೆಯ ಆಚೆ ನಗು, ನಡುವೆ ನಾನೊಬ್ಬಳು. ಅಡುಗೆಮನೆಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಆಮೇಲೆ ಕೇಳುವುದು ಫ್ರಿಜ್ಜಿನ ಗುರ್ ಮಾತ್ರ. ನಾನು ನೀರು ಕುಡಿದು ಬರುತ್ತೇನೆ. ಬಾಯಾರಿಕೆ ಇಲ್ಲದಿದ್ದರೂ ಕುಡಿದು ಬರುತ್ತೇನೆ, ಬಂದದ್ದಕ್ಕೆ ಒಂದು ಕಾರಣ ಬೇಕಲ್ಲ.

ಅಲ್ಲಿಯ ಗೋಡೆಗೆ ಸಾಲಾಗಿ ಕೊಕ್ಕೆಗಳಿವೆ. ಒಂದೊಂದರಲ್ಲಿ ಒಬ್ಬೊಬ್ಬಳ ಟೀ ಕಪ್. ನಾನೂ ನನ್ನದನ್ನು ಖಾಲಿ ಕೊಕ್ಕೆಗೆ ಹಾಕಿ ಬಂದೆ. ಸಂಜೆ ನೋಡಿದರೆ ಅದು ನನ್ನ ಬಾಗಿಲ ಮುಂದೆ ನೆಲದ ಮೇಲಿತ್ತು.

ಅಕ್ಕಾ, ಗೆಳೆಯರನ್ನು ಮಾಡಿಕೊಳ್ಳುವುದು ಹೇಗೆ? ನಗಬೇಡ. ಹತ್ತೊಂಬತ್ತು ವರ್ಷ ನೀನಿದ್ದೆ, ಬೇರೆಯವರು ಬೇಕಾಗಲೇ ಇಲ್ಲ.

ನಿನ್ನ ತಂಗಿ


ಜುಲೈ 17

ಲೇ ಪೆದ್ದಿ,

ಲ್ಯಾಬಿನಿಂದಲೇ ಬರೆಯುತ್ತಿದ್ದೇನೆ. ಎದುರಿಗೆ ಶೆಲ್ಫಿನ ತುಂಬ ಪ್ಲಾಸ್ಟರಿನ ಬಾಯಿಗಳು ಸಾಲಾಗಿ ಕೂತಿವೆ. ಒಂದರಲ್ಲೂ ಪೂರ್ತಿ ಹಲ್ಲಿಲ್ಲ, ಆದರೂ ನಿನಗಿಂತ ಹೆಚ್ಚು ಮಾತಾಡುವವರ ಹಾಗೆ ಕಾಣುತ್ತವೆ. ಯಾರದೋ ಕೆಳದವಡೆಗೆ ಕಟ್ಟುಹಲ್ಲು ಕೂರಿಸಿ ಮೇಣ ಆರಲು ಬಿಟ್ಟಿದ್ದೇನೆ. ಅಷ್ಟರೊಳಗೆ ನಿನಗೆ ಬುದ್ಧಿ ಹೇಳಿ ಮುಗಿಸಬೇಕು.

ಅಳತೆಯ ಅಚ್ಚು ತರಲು ನಾನು ಡಾಕ್ಟರ ಕ್ಲಿನಿಕ್ಕಿಗೆ ಹೋಗುತ್ತೇನಲ್ಲ, ಅಲ್ಲಿಯ ಬೆಂಚಿನ ಮೇಲೆ ಕೂತವರನ್ನು ನೋಡುತ್ತಿರುತ್ತೇನೆ. ಒಬ್ಬರು "ನಮ್ಮ ಮಗನಿಗೆ ಬಡ್ತಿ ಸಿಕ್ತು" ಅಂದರೆ ಪಕ್ಕದವರು ಪೇಪರ್ ಬಿಡಿಸಿ ಮುಖ ಮುಚ್ಚಿಕೊಳ್ಳುತ್ತಾರೆ. "ವಾರದಿಂದ ನಿದ್ದೆ ಇಲ್ಲ ಕಣ್ರೀ, ದವಡೆ ಸಿಡಿದುಹೋಗ್ತಿದೆ" ಅನ್ನಲಿ, ಅದೇ ಮನುಷ್ಯ ಹತ್ತಿರ ಸರಿದು ಕೂತು ತನ್ನ ಬಾಯಿ ತೆರೆದು ತೋರಿಸುತ್ತಾನೆ. ನಿನ್ನ ಸುಖ ಕಟ್ಟಿಕೊಂಡು ಜನಕ್ಕೆ ಏನಾಗಬೇಕು? ಒಂದು ಕಷ್ಟ ಹೇಳು. ತಾನಾಗಿ ಹತ್ತಿರ ಬರುತ್ತಾರೆ.

ಅಮ್ಮನಿಗೆ ನೀನು ಹೇಳಿದಷ್ಟನ್ನೇ ಓದಿದೆ. "ಇಷ್ಟುದ್ದ ಕಾಗದದಲ್ಲಿ ಇಷ್ಟೇನಾ?" ಎಂದಳು. ನಿನ್ನ ಅಕ್ಷರ ದಪ್ಪ ಎಂದು ಸುಳ್ಳು ಹೇಳಿದೆ.

ಅಕ್ಕ


ಆಗಸ್ಟ್ 2

ಅಕ್ಕಾ,

ನನಗೆ ಕೊಕ್ಕೆ ಸಿಕ್ಕಿತು! ಆದರೆ ಹೇಗೆ ಸಿಕ್ಕಿತೆಂದು ಕೇಳಿದರೆ ಬೈಯಬಾರದು. ಮೊದಲು ಮಾತು ಕೊಡು. ಕೊಟ್ಟೆಯಾ?

ಇಲ್ಲಿ ಒಂದು ಪದ್ಧತಿ. ಹೊಸದಾಗಿ ಬಂದವಳು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಎಲ್ಲರ ಎದುರು, ಇದುವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳಬೇಕು. ಅದು ಎಲ್ಲರಿಗೂ ಒಪ್ಪಿಗೆಯಾದರೆ ಅವಳ ಕಪ್ಪಿಗೆ ಕೊಕ್ಕೆ. ಇದಕ್ಕೆಲ್ಲ ಯಜಮಾನಿ ಒಬ್ಬಳು ಸೀನಿಯರ್. ಕತ್ತು ಉದ್ದ, ಅದಕ್ಕೇ ಎಲ್ಲರೂ ಅವಳನ್ನು ಜಿರಾಫೆ ಎನ್ನುತ್ತಾರೆ. ನಾನು ಎದ್ದು ನಿಂತು ನನಗೆ ಹಲ್ಲಿ ಕಂಡರೆ ಭಯ ಎಂದೆ. ಗೊಳ್ಳೆಂದು ನಕ್ಕರು. "ಅಷ್ಟೇನಾ? ಹೋಗಿ ಓದ್ಕೋ ಹೋಗು" ಎಂದಳು ಜಿರಾಫೆ. ಕಿವಿ ಬಿಸಿಯಾಯಿತು. ನಿನ್ನ ಬೆಂಚು ನೆನಪಾಯಿತು. ಆದರೆ ಹೇಳೋಣವೆಂದರೆ ನನ್ನ ಹತ್ತಿರ ಕಷ್ಟವೇ ಇಲ್ಲ, ಅಕ್ಕಾ. ನಮ್ಮ ಮನೆಯ ಕಷ್ಟವೆಲ್ಲ ನೀನೇ ಪಟ್ಟುಬಿಟ್ಟಿದ್ದೀಯ.

"ನಮ್ಮಕ್ಕ ಹೋದ ವರ್ಷ ತೀರಿಕೊಂಡ್ಲು" ಅಂದುಬಿಟ್ಟೆ.

ಯಾರೂ ನಗಲಿಲ್ಲ. ಗುಬ್ಬಿ ಎಂದು ಒಬ್ಬಳಿದ್ದಾಳೆ, ಗುಬ್ಬಿಯಷ್ಟೇ ಇದ್ದಾಳೆ, ಅವಳು ಬಂದು ನನ್ನನ್ನು ತಬ್ಬಿಕೊಂಡು ನನಗಿಂತ ಮೊದಲೇ ಅಳತೊಡಗಿದಳು. ಜಿರಾಫೆ ತಾನೇ ನನ್ನ ಕಪ್ ತೆಗೆದುಕೊಂಡು ಕೊಕ್ಕೆಗೆ ಹಾಕಿದಳು. ಈಗ ಊಟಕ್ಕೆ ನನ್ನ ಬಾಗಿಲು ಬಡಿದು ಕರೆಯುತ್ತಾರೆ.

ನೀನು ಬೈಯುವುದಿಲ್ಲ ಅಲ್ಲವಾ?

ತಂಗಿ


ಆಗಸ್ಟ್ 10

ಪೆದ್ದಿ,

ಕಾಗದ ಓದಿ ಮೊದಲು ನನ್ನ ನಾಡಿ ನಾನೇ ಹಿಡಿದು ನೋಡಿಕೊಂಡೆ. ಇನ್ನೂ ಹೊಡೆದುಕೊಳ್ಳುತ್ತಿದೆ.

ಒಂದು ಗಳಿಗೆ ಕಾಗದವನ್ನು ಮಗುಚಿಟ್ಟೆ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ನಗು ಬಂತು. ಲ್ಯಾಬಿನ ಯಜಮಾನರು "ಏನಮ್ಮಾ, ಹಲ್ಲು ನೋಡಿ ನಗ್ತಿದೀಯ?" ಎಂದರು. ಈಗ ಸರಿಯಾಗಿ ಹೇಳು, ಏನಾಗಿ ಸತ್ತೆ? ಜ್ವರ ಗಿರ ಎಂದಿದ್ದರೆ ನಾನು ಒಪ್ಪುವುದಿಲ್ಲ, ಅಷ್ಟು ಸಪ್ಪೆ ಸಾವು ನನಗೆ ಬೇಡ. ನೋಡಲು ಸುಂದರಿಯಾಗಿದ್ದೆ ಎಂದು ಒಂದು ಮಾತು ಸೇರಿಸು. ಸತ್ತವಳ ಮೂಗು ಯಾರು ಅಳೆಯಲು ಬರುತ್ತಾರೆ?

ನಿನಗೊಂದು ಕೊಕ್ಕೆ ಸಿಗುವುದಾದರೆ ಇನ್ನೊಂದು ಸಲ ಬೇಕಾದರೂ ಸಾಯುತ್ತೇನೆ. ಅಮ್ಮನ ಕಿವಿಗೆ ಮಾತ್ರ ಬೀಳಬಾರದು.

ದಿವಂಗತ ಅಕ್ಕ


ಸೆಪ್ಟೆಂಬರ್ 21

ಅಕ್ಕಾ,

ಬರೆಯಲು ಪುರುಸೊತ್ತೇ ಆಗಲಿಲ್ಲ. ನಂಬುತ್ತೀಯಾ, ನನಗೆ ಪುರುಸೊತ್ತಿಲ್ಲ! ಬೆಳಿಗ್ಗೆ ಜಿರಾಫೆಯ ಜೊತೆ ಓಟ, ಸಂಜೆ ಎಲ್ಲರೂ ಸೇರಿ ಅಡುಗೆ, ನನ್ನ ಪಾಲಿಗೆ ಈರುಳ್ಳಿ ಹೆಚ್ಚುವುದು.

ಗುಬ್ಬಿಯ ಅಣ್ಣ ನಿಜವಾಗಿಯೇ ಹೋದವನು. ಬೈಕ್ ಅಪಘಾತ. ಇಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ, ನನ್ನ ಮಾತು ಕೇಳಿದ ಮೇಲೆ ನನಗೊಬ್ಬಳಿಗೆ ಹೇಳಿದಳು. ಈಗ ಭಾನುವಾರ ಇಬ್ಬರೂ ಕಿಟಕಿಯ ಹತ್ತಿರ ಕೂತು ಅವಳು ಅಣ್ಣನ ಬಗ್ಗೆ, ನಾನು ನಿನ್ನ ಬಗ್ಗೆ ಮಾತಾಡುತ್ತೇವೆ. ನಿನ್ನ ಬಗ್ಗೆ ಹೇಳಲು ಎಷ್ಟೊಂದಿದೆ ಎಂದು ನನಗೇ ಗೊತ್ತಿರಲಿಲ್ಲ. ಕೊನೆಗಳಿಗೆಯಲ್ಲಿ ಅಕ್ಕ ಏನೆಂದಳು ಎಂದು ಗುಬ್ಬಿ ಕೇಳಿದಳು. "ತಂಗೀನ ಓದಿಸಿ ಅಂದ್ಲು" ಎಂದೆ. ನೀನಾಗಿದ್ದರೂ ಅದನ್ನೇ ಹೇಳುತ್ತಿದ್ದೆ ತಾನೆ? ಅವಳು ಅತ್ತಳು. ನಾನೂ ಅತ್ತೆ, ನಿಜವಾಗಿಯೇ.

ಒಂದು ಕೆಲಸ ಮಾಡು. ಲಕೋಟೆಯ ಹಿಂದೆ ನಿನ್ನ ಹೆಸರು ಬೇಡ, ಅಮ್ಮನದು ಬರೆ. ಟಪಾಲು ಕೆಳಗೆ ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಅವಸರದಲ್ಲಿ,
ತಂಗಿ


ಅಕ್ಟೋಬರ್ 1

ಪೆದ್ದಿ,

ಅಮ್ಮನ ಹೆಸರಲ್ಲೇ ಕಳಿಸುತ್ತಿದ್ದೇನೆ, ನೋಡು. ಅಕ್ಷರ ವಕ್ರವಾಗಿದ್ದರೆ ಹೊಂದಿಸಿಕೊಂಡು ಓದು. ಮೇಣ ಕಾಯಿಸುವಾಗ ಸ್ಪಿರಿಟ್ ದೀಪ ಉರುಳಿ ಬಲಗೈ ಸುಟ್ಟುಕೊಂಡಿದ್ದೇನೆ. ಹೆದರಬೇಡ, ಬೆರಳುಗಳೆಲ್ಲ ಇವೆ.

ಈಗ ದೊಡ್ಡ ಸುದ್ದಿ. ಯಜಮಾನರು ನಿಮ್ಮ ಊರಿನಲ್ಲಿ ಇನ್ನೊಂದು ಲ್ಯಾಬ್ ತೆರೆಯುತ್ತಿದ್ದಾರೆ. ನೀನೇ ಹೋಗಿ ನೋಡಿಕೊ ಎಂದು ನನಗೆ ಹೇಳಿದ್ದಾರೆ! ಕಾಲೇಜಿನ ಮೆಟ್ಟಿಲು ಹತ್ತದ ನಾನು, ನನ್ನ ಕೈಕೆಳಗೆ ಇಬ್ಬರು ಹುಡುಗಿಯರು. ಜನವರಿಯಿಂದ. ನಿನ್ನ ಹಾಸ್ಟೆಲಿನ ಹತ್ತಿರವೇ ಕೋಣೆ ಹಿಡಿಯುತ್ತೇನೆ, ಸಂಜೆ ನೀನು ಬಂದುಬಿಡು. ಅಮ್ಮ ಚಿಕ್ಕಮ್ಮನ ಮನೆಯಲ್ಲಿ ಇರುತ್ತಾಳಂತೆ, "ನೀವಿಬ್ರೂ ಒಟ್ಟಿಗಿದ್ರೆ ನಂಗಿನ್ನೇನು ಬೇಕು" ಎಂದು ಕಣ್ಣೊರೆಸಿಕೊಂಡಳು. ಅಂಗಡಿಯ ಮುಂದೆ ನಿಂತು ಎರಡು ಜನಕ್ಕೆ ಎಷ್ಟು ದೊಡ್ಡ ಪಾತ್ರೆ ಬೇಕು ಎಂದು ಯೋಚಿಸುತ್ತಿದ್ದೆ, ಹುಚ್ಚಿಯ ಹಾಗೆ.

ಅಕ್ಕ


ಅಕ್ಟೋಬರ್ 19

ಅಕ್ಕಾ,

ಸಂತೋಷವಾಯಿತು. ಆದರೆ ದುಡುಕಬೇಡ. ಇಲ್ಲಿ ಧೂಳು ಜಾಸ್ತಿ, ನಿನಗೆ ಸೀನು ಬರುತ್ತದೆ. ಬಾಡಿಗೆಯೂ ದುಬಾರಿ. ಅಮ್ಮನಿಗೆ ಚಿಕ್ಕಮ್ಮನ ಮನೆ ಒಗ್ಗುವುದಿಲ್ಲ, ಹೋದ ಸಲ ಎಷ್ಟು ಜಗಳವಾಯಿತು ನೆನಪಿಲ್ಲವಾ? ಯಜಮಾನರಿಗೆ ಬೇರೆ ಯಾರಾದರೂ ಸಿಗಬಹುದು. ನನಗೂ ಓದು ಹೆಚ್ಚಾಗಿದೆ, ಸಂಜೆ ಬರಲಾಗುವುದಿಲ್ಲ.

ಪರೀಕ್ಷೆ ಹತ್ತಿರ ಬಂತು. ಇಷ್ಟೇ.

ತಂಗಿ


ಅಕ್ಟೋಬರ್ 26

ಪೆದ್ದಿ,

ನನ್ನ ಸೀನಿನ ಚಿಂತೆ ನಿನಗೆ ಯಾವಾಗ ಶುರುವಾಯಿತು? ಪ್ಲಾಸ್ಟರ್ ಪುಡಿಯಲ್ಲಿ ಹತ್ತು ವರ್ಷ ಕಳೆದವಳಿಗೆ ಊರಿನ ಧೂಳು ಏನು ಮಾಡೀತು? ಬಾಡಿಗೆ ಯಜಮಾನರೇ ಕೊಡುತ್ತಾರೆ. ಚಿಕ್ಕಮ್ಮ, ಅಮ್ಮ ಜಗಳವಾಡದಿದ್ದರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ. ನನಗೆ ಭಾರವಾಗುತ್ತದೆಂದು ಇಷ್ಟೆಲ್ಲ ಲೆಕ್ಕ ಹಾಕಿದೆಯಲ್ಲ, ದೊಡ್ಡವಳಾಗಿಬಿಟ್ಟೆ ನೋಡು! ನಾನು ಯಜಮಾನರಿಗೆ ಹ್ಞೂಂ ಎಂದು ಹೇಳಿಯಾಯಿತು.

ಸತ್ತ ಅಕ್ಕನ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದರೆ ಅದೇನು ಮಹಾ? ನಾನೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು "ಎದ್ದು ಬಂದೆ" ಅನ್ನುತ್ತೇನೆ. ನಿಜವಾದ ಗೆಳತಿಯರಾದರೆ ಒಂದು ದಿನ ಬೈದು ಎರಡನೆಯ ದಿನ ನಗುತ್ತಾರೆ.

ಅಕ್ಕ


ನವೆಂಬರ್ 4

ಅಕ್ಕಾ,

ಬರಬೇಡ.

ಸುತ್ತಿಬಳಸಿ ಬರೆದದ್ದು ನಿನಗೆ ಅರ್ಥವಾಗಲಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಇದು ತಮಾಷೆಯಲ್ಲ. ಗುಬ್ಬಿ ಅಣ್ಣನ ಬಗ್ಗೆ ಹೇಳಿಕೊಂಡದ್ದು ನಾನೂ ಅವಳ ಹಾಗೆಯೇ ಎಂದು ನಂಬಿ. ಸುಳ್ಳೆಂದು ಗೊತ್ತಾದರೆ ಮತ್ತೆ ನನ್ನ ಮುಖ ನೋಡುವುದಿಲ್ಲ. ಜಿರಾಫೆ ಇಡೀ ಕಾರಿಡಾರಿನಲ್ಲಿ ಡಂಗುರ ಹೊಡೆಯುತ್ತಾಳೆ. ಇನ್ನೂ ಎರಡೂವರೆ ವರ್ಷ ನಾನು ಇಲ್ಲೇ ಇರಬೇಕು. ಮತ್ತೆ ನೀರು ಕುಡಿಯುವ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಲು ನನ್ನಿಂದ ಆಗುವುದಿಲ್ಲ.

ಬರಲೇಬೇಕೆಂದರೆ ಊರಿನ ಆ ತುದಿಯಲ್ಲಿ ಇರು. ಹಾಸ್ಟೆಲಿನ ಕಡೆ ಬರಬೇಡ. ಬೀದಿಯಲ್ಲಿ ಎದುರಾದರೆ ನಾನು ನಿನ್ನನ್ನು ಮಾತಾಡಿಸುವುದಿಲ್ಲ, ನೀನೂ ಮಾತಾಡಿಸಬೇಡ.

ನಿನಗೆ ನಾನೊಬ್ಬಳೇ ಇದ್ದದ್ದು. ನನಗೂ ಹಾಗೇ ಇರಲಿ ಎಂದು ನೀನು ಬಯಸುತ್ತೀಯೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ನೀನು ಬದುಕಿದ್ದಷ್ಟು ದಿನ ಯಾರೂ ನನ್ನ ಹತ್ತಿರ ಬರಲಿಲ್ಲ. ನೀನು ಸತ್ತ ಮೇಲೇ ಜನ ನನ್ನನ್ನು ಪ್ರೀತಿಸಿದ್ದು. ಇದನ್ನು ಬರೆದು ಹರಿದುಹಾಕಿದೆ, ಮತ್ತೆ ಅದನ್ನೇ ಬರೆಯುತ್ತಿದ್ದೇನೆ. ನಿಜ ಅದೇ.

ತಂಗಿ


ನವೆಂಬರ್ 30

ಅಕ್ಕಾ,

ಕಾಗದವಿಲ್ಲ. ಕೋಪವಾ? ಸಿಟ್ಟಿದ್ದರೆ ನಾಲ್ಕು ಬೈದು ಬರೆದುಬಿಡು. ಅಮ್ಮನೂ ಬರೆಸಿಲ್ಲ. ಬರುವುದಿಲ್ಲ ಎಂದು ಯಜಮಾನರಿಗೆ ಹೇಳಿದೆಯಾ? ಅಷ್ಟು ತಿಳಿಸು ಸಾಕು.

ತಂಗಿ


ಜನವರಿ 15

ತಂಗಿಗೆ,

ಬಂದಿದ್ದೇನೆ. ನೀನು ಹೇಳಿದ ಹಾಗೆ ಊರಿನ ಆ ತುದಿಯಲ್ಲೇ ಇದ್ದೇನೆ. ಒಂದೇ ಊರಿನಲ್ಲಿದ್ದುಕೊಂಡು ಅಂಚೆ ಡಬ್ಬಕ್ಕೆ ಹಾಕಬೇಕಾಗಿದೆ, ಇರಲಿ.

ಮೊನ್ನೆ ಭಾನುವಾರ ನಿಮ್ಮ ಗೇಟಿನ ತನಕ ಬಂದೆ. ಒಳಗೆ ಬರುವ ಉದ್ದೇಶ ಇರಲಿಲ್ಲ. ದೂರದಿಂದ ನೋಡಿ ಹೋಗೋಣ ಎಂದಷ್ಟೇ. ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂದಲು ಆರಿಸಿಕೊಳ್ಳುತ್ತಿದ್ದಳು. ಗುಬ್ಬಿ ಎಂದು ನೋಡಿದ ಕೂಡಲೇ ತಿಳಿಯಿತು. ಅವಳೂ ನನ್ನ ಮುಖ ನೋಡಿದಳು. ನೀನು ನನ್ನನ್ನು ಏನು ಬೇಕಾದರೂ ಮಾಡಬಹುದು, ನಮ್ಮಿಬ್ಬರದೂ ಒಂದೇ ಹಣೆ, ಒಂದೇ ಮೂಗು, ಅದನ್ನು ಏನೂ ಮಾಡಲಾರೆ. "ನೀವು ಅವಳಿಗೆ ಏನಾಗ್ಬೇಕು?" ಎಂದು ಕೇಳಿದಳು.

ಸೋದರತ್ತೆಯ ಮಗಳು ಅಂದೆ.

ದೊಡ್ಡಪ್ಪನ ಮಗಳು ಎನ್ನಬಹುದಿತ್ತು. ಆಗ ಯಾರ ಎದುರಿಗಾದರೂ ನೀನು ನನ್ನನ್ನು ಅಕ್ಕ ಎಂದೇ ಕರೆಯಬಹುದಿತ್ತು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅದು ನನಗೆ ಹೊಳೆಯಲಿಲ್ಲವೆಂದಲ್ಲ. ಬೇಕೆಂದೇ ಹೀಗೆಂದೆ. ಇನ್ನು ಮೇಲೆ ನಾನು ನಿನಗೆ ಅತ್ತಿಗೆ.

ಗುಬ್ಬಿ ಪಕ್ಕದಲ್ಲಿ ಕೂರಿಸಿಕೊಂಡಳು. ಮೊದಲು ಕೇಳಿದ್ದು "ಕೈಗೇನಾಯ್ತು?" ಎಂದು. ನೀನು ಅದನ್ನು ಕೇಳಿ ಒಂದು ಸಾಲೂ ಬರೆದಿರಲಿಲ್ಲ. ಆಮೇಲೆ ತೀರಿಕೊಂಡ ನನ್ನ ಬಗ್ಗೆ ಹೇಳಿದಳು. ಎಷ್ಟು ಹೊಗಳಿದ್ದೀಯೇ! ನಿನಗೆ ಕಾಯಿಲೆಯಾದಾಗ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದು, ನನ್ನ ಸ್ವೆಟರ್ ಬಿಚ್ಚಿ ನಿನಗೆ ಹೆಣೆದುಕೊಟ್ಟಿದ್ದು. ಬದುಕಿರುವಾಗ ಒಂದು ಸಲವೂ ಇದನ್ನೆಲ್ಲ ನನ್ನ ಎದುರು ಆಡಿದವಳಲ್ಲ. ಕಣ್ಣು ತುಂಬಿ ಬಂತು. ಆಗ ಅವಳು ಅಂದಳು, "ಡಾಕ್ಟರ್ ಓದು ಮುಗಿಸೋಕೆ ಒಂದೇ ವರ್ಷ ಇತ್ತಂತಲ್ಲ, ಪಾಪ."

ಡಾಕ್ಟರ್!

ನೀನು ಸಾಯಿಸಿದೆ, ನಾನು ನಕ್ಕೆ. ನೀನು ಬರಬೇಡ ಅಂದೆ, ನಾನು ನುಂಗಿಕೊಂಡೆ. ಹಲ್ಲು ಕೂರಿಸುವವಳು ಸತ್ತಿದ್ದರೆ ಅವರು ಅಳುತ್ತಿರಲಿಲ್ಲವಾ? ಅಷ್ಟಕ್ಕೂ ನಾಲಾಯಕ್ಕಾ ನಾನು? ನೀನು ಅತ್ತದ್ದು ನನಗಾಗಿ ಅಲ್ಲವೇ ಅಲ್ಲ. ನನ್ನ ಜಾಗದಲ್ಲಿ ನಿನಗೆ ಬೇಕಾದ ಇನ್ನೊಬ್ಬಳನ್ನು ಕೂರಿಸಿಕೊಂಡು ಅವಳಿಗಾಗಿ ಅತ್ತಿದ್ದೀಯ. ನನಗೆ ಮೈಯೆಲ್ಲ ಉರಿಯುತ್ತಿದೆ.

ಪ್ರತಿ ಭಾನುವಾರ ಬರಬೇಕೆಂದು ಗುಬ್ಬಿ ಕರೆದಿದ್ದಾಳೆ. ಬರುತ್ತೇನೆ. ಅತ್ತಿಗೆಯನ್ನು ಹೇಗೆ ಮಾತಾಡಿಸಬೇಕೋ ಹಾಗೆ ಮಾತಾಡಿಸು.


ಜನವರಿ 18

ಅಕ್ಕಾ,

ತಪ್ಪಾಯಿತು. ಡಾಕ್ಟರ್ ಎಂದು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ಇಲ್ಲಿ ಎಲ್ಲರ ಮನೆಯಲ್ಲೂ ಡಾಕ್ಟರು, ವಕೀಲರು. ಕಾಲು ಹಿಡಿಯುತ್ತೇನೆ, ಭಾನುವಾರ ಬರಬೇಡ. ಬೇಕಾದರೆ ಶನಿವಾರ ನಾನೇ ನಿನ್ನ ಲ್ಯಾಬಿಗೆ ಬರುತ್ತೇನೆ, ಯಾರಿಗೂ ಹೇಳದೆ. ಕೈ ಹೇಗಿದೆ?

ತಂಗಿ


ಮಾರ್ಚ್ 5

ಅತ್ತಿಗೆಯವರಿಗೆ,

ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಶನಿವಾರ ಲ್ಯಾಬಿಗೆ ಬಂದಾಗ ನೀವು ಕೆಲಸದ ಹುಡುಗಿಯ ಕೈಯಲ್ಲಿ "ಅವರಿಗೆ ಪುರುಸೊತ್ತಿಲ್ಲ" ಎಂದು ಹೇಳಿಸಿದಿರಿ. ಕಾಗದಕ್ಕೆ ಉತ್ತರವಿಲ್ಲ. ಭಾನುವಾರ ಮಾತ್ರ ತಪ್ಪದೆ ಬರುತ್ತೀರಿ.

ನನ್ನಿಂದ ಆಗುತ್ತಿಲ್ಲ. ನೀವು ಬಂದು ಕೂತ ಕೂಡಲೇ ಗುಬ್ಬಿ ಶುರುಮಾಡುತ್ತಾಳೆ: "ನಿಮ್ಮಕ್ಕನ ಬಗ್ಗೆ ಹೇಳೇ. ಕೊನೇ ದಿನ ಏನಾಯ್ತು? ನೀನು ಹತ್ರ ಇದ್ಯಾ? ಕೈ ಹಿಡ್ಕೊಂಡಿದ್ಯಾ?" ಮೊದಲು ಇಷ್ಟು ಕೇಳುತ್ತಿರಲಿಲ್ಲ. ನೀವು ಎದುರಿಗೇ ಕೂತು ಟೀ ಊದಿಕೊಂಡು ಕುಡಿಯುತ್ತೀರಿ, ನಾನು ನಿಮ್ಮ ಮುಖ ನೋಡಿಕೊಂಡೇ ನಿಮ್ಮ ಸಾವು ಹೇಳಬೇಕು. ಮೊನ್ನೆ ನೀವೇ ಕೇಳಿದಿರಿ, "ಹೆಣಕ್ಕೆ ಯಾವ ಬಟ್ಟೆ ಉಡಿಸಿದ್ರಿ?" ಎಂದು. ನೀಲಿ ಸೀರೆ ಅಂದೆ. "ಅವಳಿಗೆ ಒಪ್ಪುತ್ತಿತ್ತು" ಎಂದಿರಿ.

ಗುಬ್ಬಿ ನಿಮ್ಮನ್ನು ಅಕ್ಕ ಎಂದು ಕರೆಯುತ್ತಾಳೆ. ನೀವು "ಏನೇ ಪೆದ್ದಿ" ಎನ್ನುತ್ತೀರಿ, ಥೇಟು ನನಗೆ ಎನ್ನುತ್ತಿದ್ದ ಹಾಗೆ. ಅವಳ ತಲೆ ಬಾಚುತ್ತೀರಿ. ನಾನು ಪಾತ್ರೆ ತೊಳೆಯುತ್ತಾ ನಿಂತಿರುತ್ತೇನೆ. ತಿರುಗಿ ಅಕ್ಕಾ ಎಂದು ಕರೆದುಬಿಡೋಣ ಎಂದು ಬಾಯಿಯ ತನಕ ಬರುತ್ತದೆ. ಕರೆಯಲಾರೆ. ಕರೆದರೆ ಇವರೆಲ್ಲ ಹೋಗುತ್ತಾರೆ. ನಾನು ಹೇಡಿ, ಒಪ್ಪಿಕೊಳ್ಳುತ್ತೇನೆ, ಆದರೆ ನನಗೆ ಇವರು ಬೇಕು.

ಕೈಮುಗಿದು ಕೇಳುತ್ತೇನೆ, ಇನ್ನು ಮೇಲೆ ಬರಬೇಡಿ.


ಮಾರ್ಚ್ 9

ತಂಗಿಗೆ,

ಬರುವುದಿಲ್ಲ. ಇದು ಕೊನೆಯ ಕಾಗದ.

ಸೋದರತ್ತೆಯ ಮಗಳು ಎಂದು ಗೇಟಿನ ಹತ್ತಿರ ಹೇಳಿದ್ದು ನಿಜ. ಅದನ್ನು ನನಗೆ ಅರ್ಧ ಗಂಟೆಯೂ ನಿಭಾಯಿಸಲಾಗಲಿಲ್ಲ. ಆ ಮಗು ತನ್ನ ಅಣ್ಣನ ಬಗ್ಗೆ ಹೇಳಿಕೊಂಡು ಅಳುವಾಗ ನನಗೆ ತಡೆಯಲಾಗದೆ, ಸತ್ತವಳು ನಾನೇ ಎಂದು ಹೇಳಿಬಿಟ್ಟೆ. ಗುಬ್ಬಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತು.

ಅವಳು ಕಿರುಚಾಡಲಿಲ್ಲ. ಬಹಳ ಹೊತ್ತು ಕೂದಲಿನ ಸಿಕ್ಕು ಬಿಡಿಸುತ್ತಾ ಕೂತಿದ್ದಳು. ಆಮೇಲೆ "ನೀವು ಹೇಳ್ಬೇಡಿ ಅಕ್ಕಾ. ಅವಳೇ ಹೇಳ್ಲಿ. ಹೇಳಿದ ದಿನ ಕ್ಷಮಿಸಿಬಿಡ್ತೀನಿ" ಎಂದಳು. ಅದಕ್ಕೇ ಪ್ರತಿ ಭಾನುವಾರ ಕೇಳುತ್ತಿದ್ದಳು. ನಿನ್ನನ್ನು ಚುಚ್ಚಲು ಎಂದು ನೀನು ತಿಳಿದೆಯೇನೋ. ನನಗೆ ಚುಚ್ಚುವ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅವಳು ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದಳು. ಇವಳೇ ನಮ್ಮಕ್ಕ ಎಂದು ಒಂದು ಸಲ ಬೆರಳು ತೋರಿಸಿದ್ದರೆ ಇಬ್ಬರೂ ನಿನ್ನವರಾಗಿರುತ್ತಿದ್ದೆವು. ನೀನು ನನ್ನ ಹೆಣಕ್ಕೆ ಸೀರೆ ಉಡಿಸಿದೆ.

ನಿನ್ನ ಕಾಗದವನ್ನು ಅವಳಿಗೂ ತೋರಿಸಿದೆ. ಓದಿ ಮಡಿಸಿ ಕೊಟ್ಟಳು. ಮುಂದಿನ ವಾರ ಹಾಸ್ಟೆಲ್ ಬಿಟ್ಟು ನನ್ನ ಕೋಣೆಗೆ ಬರುತ್ತಿದ್ದಾಳೆ. ಅಲ್ಲಿಂದ ಕಾಲೇಜು ದೂರ, ಆದರೂ ಬರುತ್ತೇನೆ ಎಂದಳು. ಜಿರಾಫೆಯ ಮುಂದಾಗಲಿ ಉಳಿದವರ ಮುಂದಾಗಲಿ ನಾವು ಬಾಯಿ ಬಿಡುವುದಿಲ್ಲ. ನಿನಗೆ ಬೇಕಾದವರು ನಿನಗೆ ಇರಲಿ. ಅವರ ಪಾಲಿಗೆ ನಿನ್ನ ಅಕ್ಕ ಸತ್ತವಳು, ನಿನ್ನ ಪಾಲಿಗೂ ಹಾಗೇ ಇರುತ್ತೇನೆ. ನೀನು ಕೇಳಿದ್ದೇ ಅದು.

ಅಮ್ಮನದೊಂದು ಉಳಿಯಿತು. ನಾವಿಬ್ಬರೂ ಒಟ್ಟಿಗೆ ಇದ್ದೇವೆ, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೇವೆ ಎಂದು ಅವಳು ನಂಬಿಕೊಂಡು ಚಿಕ್ಕಮ್ಮನ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಅವಳಿಗೆ ಈ ವಯಸ್ಸಿನಲ್ಲಿ ಇದನ್ನು ಕೇಳಿಸುವ ಕಲ್ಲುಮನಸ್ಸು ನನಗಿಲ್ಲ. ಸುಳ್ಳಿನಲ್ಲಿ ನನ್ನ ಕೈ ಪಳಗಿಲ್ಲ, ನಿನ್ನದು ಪಳಗಿದೆ. ಆದ್ದರಿಂದ ವಾರ ವಾರ ನೀನೇ ಬರೆ. ನಾನು ಏನು ಅಡುಗೆ ಮಾಡಿ ಹಾಕಿದೆ, ಯಾವುದಕ್ಕೆ ಬೈದೆ, ಇಬ್ಬರೂ ಎಲ್ಲಿಗೆ ಹೋಗಿದ್ದೆವು, ಎಲ್ಲ ಬರೆ. ಒಂದು ವಾರವೂ ತಪ್ಪಿಸಬೇಡ. ಅಕ್ಕ ಚೆನ್ನಾಗಿದ್ದಾಳೆ ಎಂದು ಪ್ರತಿ ಕಾಗದದಲ್ಲೂ ಬರೆ.